ಮನವರಿಕೆ ಮಾಡಿಕೊಡಲು ಹೋಗಲೇಬೇಡಿ

‘ಮೇಡಂ, ದಪ್ಪಗಾಗಿದ್ದೀರಿ, ಏನಾದರೂ ವಿಶೇಷವೇ’ ಎಂದು ಕಚೇರಿಯಲ್ಲಿ ಎಲ್ಲರೆದುರು ಬಾಸ್‌ಗೆ ಕೇಳಿದಿರಿ, ಅಂದಿನಿಂದ ಅವರು ಮುಖ ಕೊಟ್ಟು ಮಾತನಾಡುತ್ತಿಲ್ಲ, ಕೆಟ್ಟ ಉದ್ದೇಶವಿರಲಿಲ್ಲ ಎಂದು ಹೇಗೆ ಮನವರಿಕೆ ಮಾಡಿಕೊಡಲಿ ಎನ್ನುತ್ತೀರಿ. ಹೆಚ್ಚುಕಡಿಮೆ ಇದೇ ಮಾತನ್ನು ನಾನೂ ಕೇಳಿದ್ದೆ. ಮನವರಿಕೆ ಮಾಡಿಕೊಡಲೂ ಹೋಗಿದ್ದೆ.

ಆಗ ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಯ, ಸ್ಯಾಂಪಲ್ ವಿಭಾಗದಲ್ಲಿದ್ದೆ. ತೋಟಗಳಿಂದ ಬಂದ ಚೀಲಗಳಿಂದ ಸ್ಯಾಂಪಲ್ ತೆಗೆದು, ತೇವಾಂಶ ನೋಡಿ, ಸಿಪ್ಪೆ ಬಿಡಿಸಿ ತೂಗಿ, 50 ಕೆ.ಜಿ. ಚೆರ್ರಿಗೆ (ಸಿಪ್ಪೆಸಹಿತ ಒಣಗಿಸಿದ ಹಣ್ಣಿಗೆ) ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಎಂಬ ಓಟಿ, ಅಂದರೆ ಔಟ್‌ಟರ್ನ್, ಬರೆಯುವ ಕೆಲಸ. ಬೆಳೆಗಾರನ ಕೈಗೆ ಬರುವ ಹಣ ಆ ಅಂಕಿಯ ಮೇಲೆ ನಿಂತಿರುವುದರಿಂದ ಒಂದೇ ಕೆ.ಜಿ. ಕಡಿಮೆ ಬರೆದರೂ ಜಗಳಕ್ಕೆ ಬರುತ್ತಿದ್ದರು. ಅಂಥ ಹೊತ್ತಿನಲ್ಲಿ ನನ್ನ ಬೆನ್ನಿಗೆ ನಿಲ್ಲುತ್ತಿದ್ದವರು ನಮ್ಮ ಮ್ಯಾನೇಜರ್. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು, ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು. ಮಧ್ಯಾಹ್ನ ಲಾರಿಗಳ ಸದ್ದು ಅಡಗಿದ ಮೇಲೆ ನನ್ನ ಮೇಜಿಗೆ ಬಂದು ಕಾಫಿಯ ರುಚಿ ನೋಡುವುದನ್ನು ಹೇಳಿಕೊಡುತ್ತಿದ್ದರು. ಬಟ್ಟಲಿನಲ್ಲಿ ಪುಡಿಯ ಮೇಲೆ ಬಿಸಿನೀರು ಸುರಿದು ನಾಲ್ಕು ನಿಮಿಷ ಬಿಡಬೇಕು. ಮೇಲೆ ಪುಡಿ ಕೆನೆಯಂತೆ ಕಟ್ಟಿಕೊಳ್ಳುತ್ತದೆ. ಚಮಚದಿಂದ ಅದನ್ನು ಸರಿಸುವಾಗ ಮೂಗು ಬಟ್ಟಲಿಗೆ ತಾಗುವಷ್ಟು ಬಗ್ಗಬೇಕು. ಸರಿಯಾಗಿ ಒಣಗದೆ ಮುಗ್ಗಲು ಹಿಡಿದ ಕಾಫಿ ಇದ್ದರೆ ಆ ಒಂದು ಉಸಿರಿನಲ್ಲೇ ಸಿಕ್ಕಿಬೀಳುತ್ತದೆ. ಬೆಂಗಳೂರಿನಲ್ಲಿ ಕಾಫಿ ಮಂಡಳಿ ನಡೆಸುವ ‘ಕಾಪಿ ಶಾಸ್ತ್ರ’ ತರಬೇತಿಗೆ ನನ್ನನ್ನು ಕಳುಹಿಸುವುದಾಗಿಯೂ ಹೇಳಿದ್ದರು.

ರೊಬಸ್ಟಾ ತಳಿಯ ಕಾಫಿ ಬರತೊಡಗಿದ ದಿನಗಳು. ಗಾರ್ಬ್ಲಿಂಗ್ ಹಾಲ್‌ನಲ್ಲಿ, ಅಂದರೆ ಬೀಜ ಆರಿಸುವ ಸಭಾಂಗಣದಲ್ಲಿ, ಹೆಂಗಸರು ಸಾಲಾಗಿ ಕುಳಿತು ಕಪ್ಪು ಬೀಜ, ಒಡಕು ಬೀಜ ಆರಿಸುತ್ತಿದ್ದರು. ಮೇಡಂ ಒಂದು ಹಿಡಿ ಬೀಜ ಎತ್ತಿಕೊಂಡು ನೋಡುತ್ತ ನಿಂತಿದ್ದರು. ಪಕ್ಕದಲ್ಲಿದ್ದ ನಾನು, ‘ಏನು ಮೇಡಂ, ಇತ್ತೀಚೆಗೆ ಮೈಕೈ ತುಂಬಿಕೊಂಡಿದ್ದೀರಿ, ವಿಶೇಷವೇ?’ ಎಂದೆ. ಸಾಲಿನಲ್ಲಿದ್ದವರು ತಲೆಯೆತ್ತಿ ನಕ್ಕರು. ಮೇಡಂ ಬೀಜವನ್ನು ಮೊರಕ್ಕೆ ಸುರಿದು, ಅಂಗೈ ಒರೆಸಿಕೊಂಡು, ‘ಇಲ್ಲ ಅಕ್ಕ’ ಎಂದಷ್ಟೇ ಹೇಳಿ ಹೊರಟರು.

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ಉಳಿಯುತ್ತಿತ್ತು. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಈಗ ನಿಂತಿರುವುದು ಇದೇ ಹಂತದಲ್ಲಿ. ಅವರ ಮುಖ ನೋಡಿ ನನಗೆ ದಿಗಿಲಾಯಿತು. ಚಹಾದ ಹೊತ್ತಿನಲ್ಲಿ ಲೆಕ್ಕಪತ್ರದವರ ಬಳಿ ಹೋಗಿ, ‘ನಾನು ಹೀಗೆ ಕೇಳಿದೆ, ಅಕ್ಕರೆಯಿಂದ ಕೇಳಿದ್ದು, ಮೇಡಂ ಬೇಸರ ಮಾಡಿಕೊಂಡರೇನೋ’ ಎಂದೆ. ಆಮೇಲೆ ಗೋದಾಮಿನವರಿಗೆ ಹೇಳಿದೆ. ಮೇಡಂ ಅವರ ಕಾರಿನ ಚಾಲಕನಿಗೆ, ‘ದಾರಿಯಲ್ಲಿ ನೀನಾದರೂ ಒಂದು ಮಾತು ಹೇಳಪ್ಪ’ ಎಂದೆ. ಒಬ್ಬೊಬ್ಬರ ಮುಂದೆಯೂ ನನ್ನ ಮನಸ್ಸು ಎಷ್ಟು ಒಳ್ಳೆಯದೆಂದು ಸಾಬೀತು ಮಾಡಲು ಅದೇ ಪ್ರಶ್ನೆಯನ್ನು ಮತ್ತೆ ಉಚ್ಚರಿಸಬೇಕಾಗಿತ್ತು. ಹಾಲ್‌ನಲ್ಲಿ ಕೆಲವರಷ್ಟೇ ಕೇಳಿಸಿಕೊಂಡ ಮಾತು ಸಂಜೆಯ ಹೊತ್ತಿಗೆ ಲಾರಿಗೆ ಚೀಲ ಹೊರುವವರ ಬಾಯಲ್ಲಿತ್ತು. ಮರುದಿನ ಮೇಡಂ ಅಂಗಳ ದಾಟುವಾಗ ಎಲ್ಲರ ಕಣ್ಣೂ ಅವರ ಹೊಟ್ಟೆಯ ಮೇಲೆ. ಅದನ್ನು ಮಾಡಿದವಳು ನಾನು, ಅದೂ ಕ್ಷಮೆಯ ಹೆಸರಿನಲ್ಲಿ. ರಾತ್ರಿ ವಾಟ್ಸಾಪ್‌ನಲ್ಲಿ ಉದ್ದನೆಯ ಸಂದೇಶವನ್ನೂ ಕಳುಹಿಸಿದೆ: ನನಗೂ ತಂಗಿಯರಿದ್ದಾರೆ, ನಮ್ಮ ಕಡೆ ಹೀಗೆ ಕೇಳುವುದು ವಾಡಿಕೆ, ತಪ್ಪು ತಿಳಿಯಬೇಡಿ. ಓದಿದರು, ಉತ್ತರ ಬರಲಿಲ್ಲ. ಆ ಸಂದೇಶದಲ್ಲಿ ಅವರ ನೋವಿನ ಬಗ್ಗೆ ಒಂದು ಸಾಲೂ ಇರಲಿಲ್ಲ, ಇದ್ದದ್ದೆಲ್ಲ ನನ್ನ ಬಗ್ಗೆ.

ಅವರ ಮೈ ಏಕೆ ಹಾಗಾಗಿತ್ತು ಎಂಬುದು ಬಹಳ ತಡವಾಗಿ ನನಗೆ ಗೊತ್ತಾಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಅವರು ನನ್ನ ಮೇಲೆ ಹಗೆ ಸಾಧಿಸಲಿಲ್ಲ. ರಜೆ, ಸಂಬಳ, ಕೆಲಸದ ಹಂಚಿಕೆ ಯಾವುದರಲ್ಲೂ ಕೊರತೆ ಮಾಡಲಿಲ್ಲ. ಆದರೆ ಮಧ್ಯಾಹ್ನ ನನ್ನ ಮೇಜಿಗೆ ಬರುವುದು ನಿಂತಿತು, ‘ಅಕ್ಕ’ ಹೋಗಿ ಹೆಸರಿನ ಮುಂದೆ ‘ಅವರೇ’ ಬಂತು. ತರಬೇತಿಯ ಮಾತನ್ನು ಅವರು ಎತ್ತಲಿಲ್ಲ, ಕೇಳುವ ಮುಖ ನನಗೂ ಇರಲಿಲ್ಲ. ಈಗ ಹಾಸನದಲ್ಲಿ ಬೇರೆ ಕೆಲಸದಲ್ಲಿದ್ದೇನೆ.

ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಎಂದು ನಾನು ಹೇಳುವುದು ಇದಕ್ಕಾಗಿ. ನಿಮ್ಮ ಉದ್ದೇಶ ಅವರಿಗೆ ಬೇಡವಾದ ಸರಕು. ಮಲೆನಾಡಿನಲ್ಲಿ ಮದುವೆಮನೆಗೆ ಹೋದರೂ, ಬಸ್ ನಿಲ್ದಾಣದಲ್ಲಿ ಸಿಕ್ಕರೂ ‘ವಿಶೇಷವೇ’ ಎನ್ನುತ್ತಾರೆ, ನಿಜ. ಆ ಪ್ರಶ್ನೆಗೆ ಎಷ್ಟು ಹೆಣ್ಣುಮಕ್ಕಳು ನಗುಮುಖ ಮಾಡಿ, ಮನೆಗೆ ಹೋಗಿ ಅತ್ತಿದ್ದಾರೆಂಬುದು ಕೇಳುವವರಿಗೆ ಕಾಣುವುದಿಲ್ಲ. ವಾಡಿಕೆ ಎನ್ನುವುದನ್ನು ನಾನು ಈಗ ಒಪ್ಪುವುದಿಲ್ಲ. ಅವರು ಗರ್ಭಿಣಿಯಾಗಿದ್ದು 26 ವಾರಗಳ ಹೆರಿಗೆ ರಜೆ ಬೇಕಾದಾಗ ಅವರೇ ಸಂಸ್ಥೆಗೆ ಬರೆದು ತಿಳಿಸುತ್ತಾರೆ. ಅದಕ್ಕೆ ಮೊದಲು ಸಹೋದ್ಯೋಗಿಗೆ ತಿಳಿಯಬೇಕಾದ ಅಗತ್ಯವೇ ಇಲ್ಲ.

ನೀವು ಗಂಡಸೋ ಹೆಂಗಸೋ ಬರೆದಿಲ್ಲ. ಗಂಡಸಾಗಿದ್ದರೆ ಇನ್ನೂ ಒಂದು ವಿಷಯ ತಿಳಿದಿರಲಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಲೈಂಗಿಕ ಛಾಯೆಯ ಮಾತನ್ನೂ ಒಳಗೊಳ್ಳುತ್ತದೆ; ಆಡಿದವನು ಮೇಲಿನವನೋ ಕೆಳಗಿನವನೋ ಎಂದು ನೋಡುವುದಿಲ್ಲ. ದೂರು ಕೊಡಲು ಅವರಿಗೆ ಮೂರು ತಿಂಗಳ ಅವಧಿಯಿದೆ, ಸಕಾರಣವಿದ್ದರೆ ಅದನ್ನು ಇನ್ನೂ ಮೂರು ತಿಂಗಳವರೆಗೆ ವಿಸ್ತರಿಸಬಹುದು. ರಾಜಿ ಮಾತುಕತೆಯನ್ನು ಕೋರುವ ಹಕ್ಕೂ ಅವರದು. ನೀವು ಮೈಕಟ್ಟಿನ ಬಗ್ಗೆ ಬೇರೇನಾದರೂ ಸೇರಿಸಿ ಹೇಳಿದ್ದರೆ ನಡುವೆ ಜನರನ್ನು ಬಿಟ್ಟು ‘ಸರಿಮಾಡಿಸುವ’ ಪ್ರಯತ್ನ ಒತ್ತಡ ಹೇರಿದಂತೆಯೇ ಕಾಣುತ್ತದೆ.

ನಾಳೆ ಅವರು ಒಬ್ಬರೇ ಇರುವಾಗ, ಬಾಗಿಲು ತೆರೆದೇ ಇರಲಿ, ನಿಂತುಕೊಂಡೇ ಹೇಳಿ: ‘ಮೇಡಂ, ಅಂದು ಆ ಪ್ರಶ್ನೆ ಕೇಳಬಾರದಿತ್ತು. ಕ್ಷಮಿಸಿ. ಇನ್ನು ಕೇಳುವುದಿಲ್ಲ.’ ಅಷ್ಟೇ. ‘ಆದರೆ’ ಬೇಡ, ‘ನಮ್ಮ ಕಡೆ’ ಬೇಡ, ಸಿಹಿಯ ಡಬ್ಬಿಯಂತೂ ಬೇಡವೇ ಬೇಡ. ಅವರು ಪರವಾಗಿಲ್ಲ ಎನ್ನದಿದ್ದರೂ ಹೊರಗೆ ಬನ್ನಿ. ಆಮೇಲೆ ನಿಜವಾದ ಕೆಲಸವಿದೆ: ಯಾರಾದರೂ ನಿಮ್ಮ ಬಳಿ ಬಂದು ‘ಮೇಡಂಗೆ ಏನಂತೆ’ ಎಂದು ಪಿಸುಗುಟ್ಟಿದರೆ, ‘ಅದು ನಮಗೆ ಬೇಡದ ವಿಷಯ, ನಾನು ಕೇಳಿದ್ದೇ ತಪ್ಪು’ ಎಂದು ಅಲ್ಲೇ ತಡೆಯಿರಿ. ನಾನು ಆಗ ಆ ಚಾಲಕನಿಗೆ ಹೇಳಬೇಕಾಗಿದ್ದ ಮಾತು ಅದು.