ಡಿಸ್ಕ್ ಬದಲಿಸುವ ಮುನ್ನ ಅಳತೆ ಕೇಳಿ

ಪ್ರಶ್ನೆ: ನನ್ನ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು 62,000 ಕಿ.ಮೀ. ಓಡಿದೆ. ದಿನವೂ ರಾಜಾಜಿನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುತ್ತೇನೆ. ತಿಂಗಳಿಗೊಮ್ಮೆ ಶಿರಾಡಿ ಘಾಟಿಯ ಮೂಲಕ ಪುತ್ತೂರಿಗೆ ಪ್ರಯಾಣ. ಎಂಬತ್ತರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆ. ಮುಂದಿನ ಎರಡೂ ಡಿಸ್ಕ್, ಪ್ಯಾಡ್ ಬದಲಿಸಬೇಕು ಎಂದು ಸರ್ವೀಸ್ ಸೆಂಟರ್‌ನವರು ಹೇಳುತ್ತಾರೆ. ಜೆ.ಸಿ. ರಸ್ತೆಯ ಅಂಗಡಿಯವರು ತೂತು ಕೊರೆದ ಡಿಸ್ಕ್ ಮತ್ತು ಸೆರಾಮಿಕ್ ಪ್ಯಾಡ್ ಹಾಕಿಸಿ ಎನ್ನುತ್ತಾರೆ. ಯಾವುದು ಸರಿ?
— ಓದುಗರೊಬ್ಬರು, ರಾಜಾಜಿನಗರ

ಉತ್ತರ: ಚಕ್ರದ ಜೊತೆ ತಿರುಗುವ, ಬ್ರೇಕ್ ಒತ್ತಿದಾಗ ಎರಡೂ ಬದಿಯಿಂದ ಪ್ಯಾಡುಗಳು ಅಮುಕಿ ಹಿಡಿಯುವ ಲೋಹದ ತಟ್ಟೆಯನ್ನು ಪುಸ್ತಕಗಳಲ್ಲಿ ರೋಟರ್ ಎಂದು ಬರೆದರೂ ನಮ್ಮ ಗ್ಯಾರೇಜುಗಳಲ್ಲಿ ಡಿಸ್ಕ್ ಎನ್ನುವುದರಿಂದ ನಾನೂ ಆ ಹೆಸರನ್ನೇ ಬಳಸುತ್ತೇನೆ. ಡಿಸ್ಕ್ ಎಷ್ಟು ತೆಳುವಾಗುವವರೆಗೆ ಬಳಸಬಹುದು ಎಂಬ ಅಂಕಿಯನ್ನು ತಯಾರಕರು ಸಾಮಾನ್ಯವಾಗಿ ಅದರ ಅಂಚಿನಲ್ಲೋ ನಡುವಿನ ಟೋಪಿಯಂಥ ಭಾಗದಲ್ಲೋ ಅಚ್ಚೊತ್ತಿರುತ್ತಾರೆ. ಹೊಸದರಲ್ಲಿ 22 ಮಿ.ಮೀ. ಇದ್ದ ಡಿಸ್ಕಿಗೆ 20 ಮಿ.ಮೀ. ಕೊನೆಯ ಮಿತಿ ಎಂಬಂಥ ಲೆಕ್ಕ ಅದು. ನಿಮ್ಮ ಕಾರಿನ ಅಂಕಿ ಬೇರೆ ಇದ್ದೀತು. ಮೈಕ್ರೋಮೀಟರಿನಿಂದ ಒಂದೊಂದು ಡಿಸ್ಕನ್ನೂ ಆರೆಂಟು ಕಡೆ ಅಳೆದು ಅಂಕಿಗಳನ್ನು ಜಾಬ್ ಕಾರ್ಡಿನಲ್ಲಿ ಬರೆದುಕೊಡುವಂತೆ ಕೇಳಿ. ಹೊರ ಅಂಚಿನಲ್ಲಿ ಪ್ಯಾಡ್ ತಾಗದೆ ಉಳಿದ ಏಣು ಇರುತ್ತದೆ. ಅದರ ಮೇಲೆ ವರ್ನಿಯರ್ ಇಟ್ಟು ಅಳೆದರೆ ಸವೆದ ಡಿಸ್ಕೂ ದಪ್ಪವಾಗಿಯೇ ಕಾಣುತ್ತದೆ.

ಸ್ಟೀರಿಂಗ್ ನಡುಗಿದರೆ ‘ಡಿಸ್ಕ್ ಬೆಂಡಾಗಿದೆ’ ಎನ್ನುವುದು ರೂಢಿಯ ಮಾತು. ಬಹುಪಾಲು ಪ್ರಕರಣಗಳಲ್ಲಿ ಅದು ಬಾಗಿರುವುದಿಲ್ಲ. ಒಂದು ಕಡೆ ಕೊಂಚ ದಪ್ಪ, ಇನ್ನೊಂದು ಕಡೆ ಕೊಂಚ ತೆಳು ಆಗಿರುತ್ತದೆ, ಇಲ್ಲವೇ ಪ್ಯಾಡಿನ ವಸ್ತು ಅಲ್ಲಲ್ಲಿ ಮೆತ್ತಿಕೊಂಡಿರುತ್ತದೆ. ಸುಮಾರು 0.02 ಮಿ.ಮೀ. ವ್ಯತ್ಯಾಸವೂ ಸ್ಟೀರಿಂಗ್ ಹಿಡಿದ ಕೈಗೆ ಗೊತ್ತಾಗಬಲ್ಲದು. ಇದಕ್ಕೆ ಮೂಲ ಎಷ್ಟೋ ಬಾರಿ ಡಿಸ್ಕಿನ ಹಿಂದೆ, ಡಿಸ್ಕನ್ನೂ ಚಕ್ರವನ್ನೂ ಕೂರಿಸುವ ಹಬ್ಬಿನಲ್ಲಿ (hub) ಇರುತ್ತದೆ. ನನ್ನ ಹಳೆಯ ಕಾರಿಗೆ ಒಂದು ಗ್ಯಾರೇಜಿನಲ್ಲಿ ಹೊಸ ಡಿಸ್ಕ್ ಹಾಕಿಸಿದ ಕೆಲವು ತಿಂಗಳಲ್ಲೇ ನಡುಕ ಮರಳಿ ಬಂತು. ಬಿಚ್ಚಿ ನೋಡಿದಾಗ ಹಬ್ಬಿನ ಮುಖದ ಮೇಲೆ ಉಗುರಿನಷ್ಟು ಅಗಲದ ತುಕ್ಕಿನ ಹಕ್ಕಳೆ ಹಾಗೆಯೇ ಉಳಿದಿತ್ತು. ಅದರ ಮೇಲೆ ಕೂತ ಹೊಸ ಡಿಸ್ಕ್ ಸುತ್ತುವಾಗಲೆಲ್ಲ ಓಲಾಡಿ, ಒಂದೇ ಜಾಗದಲ್ಲಿ ಪ್ಯಾಡಿಗೆ ಉಜ್ಜಿ, ಅಲ್ಲಿಯೇ ಸವೆದಿತ್ತು. ಹೀಗಾಗಿ ಹಬ್ಬನ್ನು ತಂತಿಯ ಬ್ರಷ್ಷಿನಿಂದ ಲೋಹ ಕಾಣುವವರೆಗೆ ಉಜ್ಜಿಸಿ, ಡಯಲ್ ಗೇಜ್ ಇಡಿಸಿ ಓಲಾಟ ನೋಡಿಸಿ. ವೀಲ್ ನಟ್ಟುಗಳನ್ನು ಏರ್ ಗನ್ನಿನಿಂದ ಮನಬಂದಂತೆ ಬಿಗಿಯಲು ಬಿಡದೆ, ನಿಗದಿತ ಬಿಗಿತಕ್ಕೆ ನಿಲ್ಲಿಸಬಹುದಾದ ಟಾರ್ಕ್ ರೆಂಚಿನಲ್ಲಿ ಬಿಗಿಸಿ. ಡಿಸ್ಕಿನಲ್ಲಿ ಇನ್ನೂ ದಪ್ಪ ಉಳಿದಿದ್ದರೆ ಲೇತ್‌ನಲ್ಲಿ ಮೇಲ್ಮೈಯನ್ನು ತೆಳುವಾಗಿ ಹೆರೆಸಿ ಸಮ ಮಾಡಿಸಬಹುದು (ಸ್ಕಿಮ್ಮಿಂಗ್). ಮಿತಿಯ ಸಮೀಪ ಬಂದಿದ್ದರೆ ಆ ಖರ್ಚು ವ್ಯರ್ಥ. ಎಡಬಲ ಎರಡನ್ನೂ ಒಟ್ಟಿಗೆ ಬದಲಿಸಿ, ಜೊತೆಗೆ ಪ್ಯಾಡುಗಳನ್ನೂ.

ತೂತಿನ ಡಿಸ್ಕ್ ನೋಡಲು ಚೆನ್ನ. ಹಿಂದಿನ ಕಾಲದ ಪ್ಯಾಡುಗಳು ಕಾದಾಗ ಬಿಡುತ್ತಿದ್ದ ಅನಿಲ ಹೊರಹೋಗಲಿ ಎಂಬ ಉದ್ದೇಶ ಆ ತೂತುಗಳಿಗಿತ್ತು. ಇಂದಿನ ಪ್ಯಾಡುಗಳಿಗೆ ಅದರ ಅಗತ್ಯ ಅಷ್ಟಾಗಿ ಇಲ್ಲ. ಡಿಸ್ಕ್ ಮಾಡುವುದು ಎರಕದ ಕಬ್ಬಿಣದಿಂದ. ಕಾಯುತ್ತಾ ತಣಿಯುತ್ತಾ ಇರುವ ಆ ಕಬ್ಬಿಣದಲ್ಲಿ ಬಿರುಕು ಮೊದಲು ಹುಟ್ಟುವುದು ತೂತಿನ ಅಂಚಿನಲ್ಲಿ. ಶಾಖವನ್ನು ಹಿಡಿದಿಟ್ಟುಕೊಳ್ಳುವುದು ಕಬ್ಬಿಣದ ತೂಕವಾದ್ದರಿಂದ ತೂತು ಕೊರೆದಷ್ಟೂ ಆ ತೂಕ ಕಡಿಮೆಯೇ ಆಗುತ್ತದೆ. ಸಿಲ್ಕ್ ಬೋರ್ಡಿನಲ್ಲಿ ಹತ್ತಿಪ್ಪತ್ತರ ವೇಗದಲ್ಲಿ ತೆವಳುವ ಕಾರಿಗೆ ಕಂಪನಿಯ ಮೂಲ ಅಳತೆಯ, ಎರಡು ಪದರಗಳ ನಡುವೆ ಗಾಳಿ ಹಾಯುವ ಸಾದಾ ಡಿಸ್ಕೇ ತಕ್ಕದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ಯಾಡಿನ ಆಯ್ಕೆಯಲ್ಲಿ ಯೋಚಿಸಬೇಕಾದದ್ದು ನಿಮ್ಮ ಘಾಟಿಯನ್ನು. 1,200 ಕೆ.ಜಿ. ತೂಕದ ಕಾರು ಗಂಟೆಗೆ 80 ಕಿ.ಮೀ. ವೇಗದಿಂದ ಪೂರ್ತಿ ನಿಂತಾಗ ಸುಮಾರು 3 ಲಕ್ಷ ಜೂಲ್ ಶಾಖ ಹುಟ್ಟುತ್ತದೆ. ಒಂದು ಲೀಟರ್ ತಣ್ಣೀರನ್ನು ಕುದಿಯ ಹತ್ತಿರಕ್ಕೆ ತರಲು ಅಷ್ಟು ಸಾಕು. ಅದೇ ಕಾರು 500 ಮೀಟರ್ ಎತ್ತರದಿಂದ ಬ್ರೇಕಿನ ಬಲದಲ್ಲೇ ಇಳಿದರೆ, ಅಂಥ ಇಪ್ಪತ್ತು ನಿಲುಗಡೆಗಳ ಶಾಖ ನಡುವೆ ಬಿಡುವಿಲ್ಲದೆ ಡಿಸ್ಕಿಗೆ ಸೇರುತ್ತದೆ. ಆರ್ಗ್ಯಾನಿಕ್ ಪ್ಯಾಡ್ ಮೃದು, ನಿಶ್ಶಬ್ದ, ಆದರೆ ಅತಿಯಾಗಿ ಕಾದಾಗ ಹಿಡಿತ ಸಡಿಲಿಸುತ್ತದೆ. ಸೆಮಿ ಮೆಟಾಲಿಕ್ ಶಾಖ ತಡೆಯುತ್ತದೆ. ಬದಲಿಗೆ ಕಪ್ಪು ಧೂಳು, ಕೊಂಚ ಸದ್ದು, ಡಿಸ್ಕಿನ ಸವೆತ ಹೆಚ್ಚು. ಸೆರಾಮಿಕ್ ಪ್ಯಾಡಿನಲ್ಲಿ ಧೂಳು ಕಡಿಮೆ, ಬೆಲೆ ಹೆಚ್ಚು. ಹೆಸರಿಗಿಂತ ಪ್ಯಾಡಿನ ಮೇಲೆ ಮುದ್ರಿತವಾದ ಸಂಕೇತದ ಎರಡು ಇಂಗ್ಲಿಷ್ ಅಕ್ಷರಗಳನ್ನು ನೋಡಿ: ಮೊದಲನೆಯದು ತಣ್ಣಗಿದ್ದಾಗಿನ ಘರ್ಷಣೆ, ಎರಡನೆಯದು ಬಿಸಿಯಾದಾಗಿನದು. ‘ಇ’ ಎಂದರೆ ಘರ್ಷಣೆಯ ಗುಣಾಂಕ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45. ‘ಎಫ್ಎಫ್’ ಇದ್ದರೆ ನಿಮ್ಮ ಬಳಕೆಗೆ ಸಾಕು. ‘ಎಫ್ಇ’ ಇದ್ದರೆ ಕಾದಾಗ ಹಿಡಿತ ಇಳಿಯುತ್ತದೆ ಎಂದರ್ಥ. ಯಾವ ಸಂಕೇತವೂ ಇಲ್ಲದ ಬಿಡಿ ಪ್ಯಾಡನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ಹೊಸ ಡಿಸ್ಕ್, ಪ್ಯಾಡ್ ಹಾಕಿಸಿದ ಮೇಲೆ, ಅವು ಒಂದಕ್ಕೊಂದು ಹೊಂದಿಕೊಳ್ಳಲು, ಖಾಲಿ ರಸ್ತೆಯಲ್ಲಿ ಅರವತ್ತರಿಂದ ಇಪ್ಪತ್ತರವರೆಗೆ ಎಂಟು ಹತ್ತು ಬಾರಿ, ಪೂರ್ತಿ ನಿಲ್ಲಿಸದೆ, ಸಾಧಾರಣ ಒತ್ತಡದಲ್ಲಿ ವೇಗ ತಗ್ಗಿಸಿ, ಬಳಿಕ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ತಣಿಸಿ. ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ದಾಟಿದ್ದರೆ ಅದನ್ನೂ ಇದೇ ಸಲ ಮಾಡಿಸಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲಿನ ಕುದಿಬಿಂದು ಹೊಸದರಲ್ಲಿ ಕನಿಷ್ಠ 230 ಡಿಗ್ರಿ. ತೇವ ಹೀರಿಕೊಂಡಾಗ ಅದು 155ರ ಆಸುಪಾಸಿಗೆ ಇಳಿಯಬಹುದು. ಕಾದ ಆಯಿಲ್ ಹೀಗೆ ಕುದಿದು ಅದರಲ್ಲಿ ಆವಿಯ ಗುಳ್ಳೆ ಏಳುವುದು, ಘಾಟಿಯಲ್ಲಿ ಪೆಡಲ್ ಮೆತ್ತಗಾಗಿ ಒಳಕ್ಕೆ ಹೋಗುವುದಕ್ಕೆ ಮುಖ್ಯ ಕಾರಣಗಳಲ್ಲೊಂದು.

ಪ್ರಶ್ನೆ: ಯಶವಂತಪುರದ ಯಾರ್ಡಿನಿಂದ ಈರುಳ್ಳಿ ಸಾಗಿಸುವ ಪಿಕಪ್ ನನ್ನದು. ಮುಂದೆ ಡಿಸ್ಕ್, ಹಿಂದೆ ಡ್ರಮ್. ಯಾವ ಕಂಪನಿಯ ಪ್ಯಾಡ್ ಹಾಕಿದರೂ ಮುಂದಿನದು ಬೇಗ ಸವೆಯುತ್ತದೆ; ಹಿಂದಿನ ಡ್ರಮ್ಮಿನೊಳಗೆ ಉಜ್ಜುವ ಲೈನರ್ ಹಾಗೆಯೇ ಇದೆ.
— ಓದುಗರೊಬ್ಬರು, ಗೊರಗುಂಟೆಪಾಳ್ಯ

ಉತ್ತರ: ರೋಗದ ಸುಳಿವು ನಿಮ್ಮ ಕೊನೆಯ ಮಾತಿನಲ್ಲೇ ಇದೆ: ಹಿಂದಿನ ಬ್ರೇಕ್ ಕೆಲಸ ಮಾಡುತ್ತಿಲ್ಲ, ಅದರ ಪಾಲನ್ನೂ ಮುಂದಿನದೇ ಹೊರುತ್ತಿದೆ. ಮೊದಲು ಹಿಂದಿನ ಡ್ರಮ್ ಬಿಚ್ಚಿಸಿ, ಲೈನರಿನ ಅಂತರ ಸರಿಪಡಿಸುವ ಅಡ್ಜಸ್ಟರ್ ಅಲುಗದಂತೆ ಸಿಕ್ಕಿಕೊಂಡಿದೆಯೇ, ಲೈನರನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರ್ ಸೋರುತ್ತಿದೆಯೇ ನೋಡಿಸಿ. ಬಹಳಷ್ಟು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಬಳಿ, ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೆಚ್ಚಿಸುವ ಒಂದು ವಾಲ್ವ್ ಇರುತ್ತದೆ. ಹೊರೆ ಬಿದ್ದು ಗಾಡಿ ಕುಗ್ಗಿದಾಗ ಅದು ತೂಕವನ್ನು ಗುರುತಿಸುತ್ತದೆ. ಹೆಚ್ಚು ಮಾಲು ಹೇರಲು ನೀವು ಲೀಫ್ ಸ್ಪ್ರಿಂಗಿಗೆ ಪಟ್ಟಿ ಸೇರಿಸಿದ್ದರೆ ಗಾಡಿ ಕುಗ್ಗುವುದಿಲ್ಲ. ತುಂಬಿದ ಗಾಡಿಯನ್ನೂ ವಾಲ್ವ್ ಖಾಲಿ ಎಂದೇ ಎಣಿಸುತ್ತದೆ. ಅದನ್ನು ಸರಿಹೊಂದಿಸದೆ ಪ್ಯಾಡಿನ ಕಂಪನಿ ಬದಲಿಸುತ್ತಾ ಹೋದರೆ ಹಣ ಹೋಗುತ್ತದೆ, ಸವೆತ ನಿಲ್ಲುವುದಿಲ್ಲ. ಮುಂದಿನ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನುಗಳಿಗೆ ಶಾಖ ತಡೆಯುವ ಗ್ರೀಸ್ ಹಚ್ಚಿಸಿ, ಸೆಮಿ ಮೆಟಾಲಿಕ್ ಪ್ಯಾಡ್ ಹಾಕಿಸಿ. ಇಳಿಜಾರಿನಲ್ಲಿ, ಏರುವಾಗ ಬೇಕಾಗುವ ಗೇರಿನಲ್ಲೇ ಇಳಿಯಿರಿ.

ಪ್ರಶ್ನೆ: ಮಳೆ ಬಂದ ಮರುದಿನ ಬೆಳಿಗ್ಗೆ ಬ್ರೇಕ್ ಒತ್ತಿದಾಗ ಕರಕರ ಸದ್ದು ಬರುತ್ತದೆ. ಪ್ಯಾಡ್ ಮುಗಿಯಿತೇ?
— ಓದುಗರೊಬ್ಬರು, ಜಯನಗರ

ಉತ್ತರ: ರಾತ್ರಿ ಕಳೆಯುವುದರೊಳಗೆ ಡಿಸ್ಕಿನ ಮೇಲೆ ತೆಳು ತುಕ್ಕು ಕೂರುತ್ತದೆ, ನಾಲ್ಕೈದು ಸಲ ಬ್ರೇಕ್ ಹಿಡಿದರೆ ಅಳಿಸಿಹೋಗುತ್ತದೆ. ಸದ್ದು ದಿನವಿಡೀ ಉಳಿದರೆ, ಅಥವಾ ಕೀಚಲು ಶಿಳ್ಳೆಯಂತೆ ಕೇಳಿಸಿದರೆ ಪ್ಯಾಡ್ ನೋಡಿಸಿ. ವಸ್ತು 3 ಮಿ.ಮೀ.ಗೆ ಇಳಿದಿದ್ದರೆ ಬದಲಿಸಿ.