ಅಮ್ಮನ ಹರಕೆ, ಮಗನ ಕರೆ

(ನನ್ನ ಬಳಿ ಆಪ್ತಸಲಹೆಗೆ ಬಂದಿದ್ದ ಒಬ್ಬರ ಕಥೆ ಇದು. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

"ನನ್ನದು ಎರಡೇ ಪ್ರಶ್ನೆ ಮೇಡಂ. ಕೆಲಸ ಯಾವಾಗ ಬಿಡಲಿ? ಹೆಂಡತಿಗೆ ಹೇಗೆ ಹೇಳಲಿ?"

ಬಂದು ಕೂತ ಎರಡು ನಿಮಿಷಕ್ಕೇ ಹೀಗೆ ಕೇಳಿದರು. ವಯಸ್ಸು 38. ಆಸ್ಪತ್ರೆಗಳಲ್ಲಿ ಯಂತ್ರ ರಿಪೇರಿ ಮಾಡುವ ಕೆಲಸ. ಇಬ್ಬರು ಮಕ್ಕಳು. ಕೆಲಸ ಬಿಟ್ಟು ಚರ್ಚಿನ ಪೂರ್ಣಾವಧಿ ಸೇವೆಗೆ ಇಳಿಯಬೇಕು, ದೇವರು ಕರೆದಿದ್ದಾನೆ ಅನ್ನುತ್ತಿದ್ದರು.

ಕರೆ ಬಂದಿದ್ದು ಯಾವಾಗ ಅಂತ ಕೇಳಿದೆ.

"ನಾನು ಮೂರು ತಿಂಗಳ ಮಗು ಆಗಿದ್ದಾಗ."

ಆಗ ಅವರಿಗೆ ಜೋರು ಕಾಯಿಲೆಯಾಗಿತ್ತಂತೆ. ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ತಾಯಿ ಮೊಣಕಾಲೂರಿ, ಮಗು ಉಳಿದರೆ ನಿನಗೇ ಕೊಡುತ್ತೇನೆ ಸ್ವಾಮಿ ಎಂದು ಹರಕೆ ಮಾಡಿಕೊಂಡರು. ಮಗು ಉಳಿಯಿತು. ಚರ್ಚಿನ ಸಭೆಯವರೆಲ್ಲ ಅವರನ್ನು 'ಚಿಕ್ಕ ಪಾಸ್ಟರ್' ಎಂದೇ ಕರೆದು ಬೆಳೆಸಿದರು. ಅವರು ಮಾತ್ರ ಎಂಜಿನಿಯರಿಂಗ್ ಓದಿದರು.

ಮೊದಲ ದಿನ ನಾನು ತಪ್ಪು ದಾರಿ ಹಿಡಿದೆ. ಕೆಲಸದಲ್ಲಿ ಬೇಸರ ಬಂದಿದೆ, ಅದಕ್ಕೆ ಭಕ್ತಿಯ ಹೆಸರು ಕೊಟ್ಟಿದ್ದಾರೆ ಅಂದುಕೊಂಡೆ. ಒಂದು ಗಂಟೆಯೂ ಆಫೀಸಿನ ಒತ್ತಡದ ಬಗ್ಗೆಯೇ ಹೋಯಿತು. ಪಾಪ, ಮರ್ಯಾದೆಗೆ ಉತ್ತರ ಕೊಡುತ್ತಾ ಕೂತರು.

ಎರಡನೇ ಭೇಟಿಯಲ್ಲಿ ಅಸಲು ವಿಷಯ ಬಂತು. ಮಗಳು ಬಿದ್ದು ಕೈ ಮುರಿದುಕೊಂಡಳು. ಅದು ನನ್ನಿಂದಲೇ ಅಂದರು. ಬಡ್ತಿ ತಪ್ಪಿತು. ಅದೂ ಅದಕ್ಕೇ. "ನಾನು ಯೋನನ ಹಾಗೆ ಓಡಿಹೋಗ್ತಿದ್ದೀನಿ. ಬಿರುಗಾಳಿ ಏಳದೆ ಇರುತ್ತಾ?" (ದೇವರ ಅಪ್ಪಣೆ ತಪ್ಪಿಸಿ ಹಡಗು ಹತ್ತಿ ಓಡಿ, ಬಿರುಗಾಳಿಗೆ ಸಿಕ್ಕ ಬೈಬಲ್ಲಿನ ಪ್ರವಾದಿ ಯೋನ.) ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಕಣ್ಣು ಮುಚ್ಚಿ ಬೈಬಲ್ ತೆರೆದು, ಬೆರಳಿಟ್ಟ ವಚನವನ್ನೇ ಉತ್ತರ ಅಂತ ಓದುತ್ತಿದ್ದರು. ವಂಶಾವಳಿ ಬಂದರೆ ಇನ್ನೊಮ್ಮೆ ತೆರೆಯುತ್ತಿದ್ದರು. ಇದನ್ನು ಹೇಳುವಾಗ ಅವರಿಗೇ ನಗು ಬಂತು.

ಬದುಕೇ ಬೇಡ ಅನ್ನಿಸಿದೆಯಾ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದರು. ಭಕ್ತರ ಹತ್ತಿರ ಈ ಪ್ರಶ್ನೆ ಕೇಳಲು ಕೆಲವು ಸಲಹೆಗಾರರು ಮುಜುಗರಪಡುತ್ತಾರೆ. ಕೇಳಲೇಬೇಕು. ನಿದ್ದೆಯ ವಿಷಯಕ್ಕೆ ಡಾಕ್ಟರನ್ನು ಕಾಣಿರಿ ಅಂದೆ. ಪ್ರಾರ್ಥನೆ ಜಾಸ್ತಿ ಮಾಡಿದರೆ ಸರಿಹೋಗಲ್ವಾ ಎಂದರು. ಪ್ರಾರ್ಥನೆ ಮಾಡಿಕೊಂಡೇ ಹೋಗಿ ಬನ್ನಿ ಎಂದೆ. ಹೋದರು.

ಮೂರನೇ ಸಲ ಇಬ್ಬರೂ ಬೈಬಲ್ಲಿನ ಪ್ರವಾದಿ ಸಮುವೇಲನ ಕಥೆ ಓದಿದೆವು. ಅವನದೂ ತಾಯಿಯ ಹರಕೆಯಿಂದ ಶುರುವಾದ ಬದುಕು. ಅದಕ್ಕೇ ಆ ಕಥೆ ಅವರಿಗೆ ಬಾಯಿಪಾಠ. ಆದರೆ ಒಂದು ವಿಷಯವನ್ನು ಅವರು ಗಮನಿಸಿರಲೇ ಇಲ್ಲ. ಅವನ ತಾಯಿ ಹನ್ನಳ ಹರಕೆ ಇರುವುದು ಮೊದಲ ಅಧ್ಯಾಯದಲ್ಲಿ. ಕರೆ ಬರುವುದು ಮೂರನೆಯದರಲ್ಲಿ. ಅಲ್ಲಿಯವರೆಗೆ ಸಮುವೇಲ ದೇವಾಲಯದಲ್ಲೇ ಕೆಲಸ ಮಾಡುತ್ತಿದ್ದರೂ ಅವನಿಗೆ ಇನ್ನೂ ಯೆಹೋವನ, ಅಂದರೆ ದೇವರ, ಪರಿಚಯವಾಗಿರಲಿಲ್ಲ ಎಂದು ಅಲ್ಲೇ ಬರೆದಿದೆ. ತಾಯಿ ಕೊಟ್ಟಿದ್ದಾಳಲ್ಲ, ಸಾಕು ಎಂದು ದೇವರು ಬಿಡಲಿಲ್ಲ. ತಾನೇ ಬಂದು ಹೆಸರು ಹಿಡಿದು ಕರೆದ. ಹುಡುಗ ಮೂರು ಸಲವೂ ಅದು ಯಾಜಕ (ಪುರೋಹಿತ) ಏಲಿಯ ದನಿ ಎಂದುಕೊಂಡು ಅವನ ಹತ್ತಿರ ಓಡಿದ.

"ನಿಮ್ಮದು ಉಲ್ಟಾ ಇರಬಹುದಾ? ಮನುಷ್ಯರ ದನಿಯನ್ನು ದೇವರದು ಅಂದುಕೊಂಡಿದ್ದೀರಾ?" ಎಂದು ಕೇಳಿದೆ. ಅವರು ಏನೂ ಹೇಳಲಿಲ್ಲ. ತುಂಬಾ ಹೊತ್ತು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ.

ಕೊನೆಗೆ, "ಹರಕೆ ಮುರಿದರೆ?" ಎಂದರು.

ಬೈಬಲ್ಲಿನ ಯಾಜಕಕಾಂಡದ 27ನೇ ಅಧ್ಯಾಯ ತೆಗೆದೆ. ಆ ಅಧ್ಯಾಯ ಓದುವವರು ಕಡಿಮೆ. ಯಾರಾದರೂ ಮನುಷ್ಯರನ್ನು ದೇವರಿಗೆ ಹರಕೆ ಮಾಡಿಕೊಂಡರೆ, ಅವರ ಬದಲು ಕೊಡಬೇಕಾದ ಬೆಳ್ಳಿಯ ಲೆಕ್ಕ ಅಲ್ಲಿದೆ. ಒಂದು ತಿಂಗಳಿಂದ ಐದು ವರ್ಷದೊಳಗಿನ ಗಂಡುಮಗುವಿಗೆ 5 ಶೆಕೆಲ್ (ಶೆಕೆಲ್ ಆ ಕಾಲದ ತೂಕದ ಅಳತೆ). ಅಷ್ಟೂ ಕೊಡಲಾಗದ ಬಡವರಿಗೆ ಯಾಜಕನೇ ಅವರ ಕೈಲಾದಷ್ಟು ಗೊತ್ತುಮಾಡಬೇಕು. ಈ ಕಾನೂನನ್ನು ಇವತ್ತು ಪಾಲಿಸಿ ಅಂತ ನಾನು ಹೇಳಲಿಲ್ಲ. ಅವಸರದಲ್ಲಿ, ಅಳುತ್ತಾ ಹರಕೆ ಮಾಡಿಕೊಂಡವರಿಗೆ ಮೋಶೆಯ ಕಾನೂನೇ ಒಂದು ಬಾಗಿಲು ತೆರೆದಿಟ್ಟಿತ್ತು ಎಂಬುದು ಅವರಿಗೆ ಕಾಣಬೇಕಿತ್ತು. "ಮೂರು ತಿಂಗಳ ನನಗೆ 5 ಶೆಕೆಲ್!" ಎಂದು ನಕ್ಕರು. ಆಮೇಲೆ ಅತ್ತರು.

ಮುಂದಿನ ವಾರ ತಾಯಿಯನ್ನೇ ಕರೆತಂದರು. ಆ ಅಜ್ಜಿಗೆ ಆಶ್ಚರ್ಯವೋ ಆಶ್ಚರ್ಯ. "ನೋಡಮ್ಮ, ನನ್ನ ಮಗ ದೇವರ ಮಗನಾಗಿ ಬಾಳಲಿ ಅಂತ ಕೇಳಿಕೊಂಡಿದ್ದೆ. ಪಾಸ್ಟರ್ ಆಗ್ತಾನೆ ಅಂದಿದ್ದು ಸಭೆಯವರು. ನನಗೂ ಕೇಳೋಕೆ ಚೆನ್ನಾಗಿತ್ತು, ಸುಮ್ನಿದ್ದೆ." ಮಗನ ಕಡೆ ತಿರುಗಿ, "ಇದನ್ನ ಇಷ್ಟು ವರ್ಷ ಹೊತ್ಕೊಂಡಿದ್ಯೇನೋ?" ಎಂದರು.

ಭಯ ಇಳಿದ ಮಾತ್ರಕ್ಕೆ ಕರೆಯ ಪ್ರಶ್ನೆ ಮುಗಿಯಲಿಲ್ಲ. ಹಾಗಾದರೆ ನನಗೆ ಕರೆಯೇ ಇಲ್ಲವಾ ಎಂದು ಅವರು ಸಪ್ಪಗಾದರು. ಆಗ ನನಗೆ ಅವರು ಹಿಂದೆ ದೂರಿನ ಹಾಗೆ ಹೇಳಿದ್ದ ಮಾತೊಂದು ನೆನಪಾಯಿತು. ಐಸಿಯುನಲ್ಲಿ ಯಂತ್ರ ಸರಿಮಾಡಿ ಹೊರಗೆ ಬಂದರೆ ರೋಗಿಗಳ ಮನೆಯವರು ಸುತ್ತುವರಿಯುತ್ತಾರೆ. ಯಂತ್ರ ಸರಿಹೋಯ್ತಾ, ನಮ್ಮವರು ಉಳೀತಾರಾ ಅಂತ ಕೇಳುತ್ತಾರೆ. ಅದು ಡಾಕ್ಟರು ಹೇಳಬೇಕಾದ ಮಾತು. ಇವರು ಪಕ್ಕದಲ್ಲಿ ಕೂರುತ್ತಾರೆ, ಹೇಳಿಕೊಂಡಿದ್ದನ್ನೆಲ್ಲ ಕೇಳುತ್ತಾರೆ. ಮುಂದಿನ ಕಡೆಗೆ ತಡವಾಗಿ ಬೈಸಿಕೊಳ್ಳುತ್ತಾರೆ.

"ಕೂರಿ ಅಂತ ಯಾರು ಹೇಳಿದ್ದು?" ಎಂದು ಕೇಳಿದೆ.

"ಯಾರೂ ಇಲ್ಲ. ಎದ್ದು ಬರೋಕೆ ಆಗಲ್ಲ ಮೇಡಂ."

ಕೈಕೆಲಸ ಮಾಡಿಕೊಂಡೇ ದೇವರ ಸೇವೆ ಮಾಡಿದವರು ಬೈಬಲ್ಲಿನಲ್ಲಿದ್ದಾರೆ. ದೇವರಾತ್ಮನಿಂದ ತುಂಬಿಸಲ್ಪಟ್ಟ ಬೆಚಲೇಲ ಕೈಕೆಲಸದವನು, ವಿಮೋಚನಕಾಂಡ 31ರಲ್ಲಿದೆ. ಅಪೊಸ್ತಲ ಪೌಲ ಗುಡಾರ ಕಟ್ಟುವ ಕಸುಬಿನವನು. ಇದೆಲ್ಲ ಅವರಿಗೆ ಗೊತ್ತೇ ಇತ್ತು. ಅವರಿಗೆ ತಾಗಿದ್ದು ಮಾರ್ಕನ ಸುವಾರ್ತೆಯ (ಯೇಸುವಿನ ಬದುಕಿನ ಕಥನ) ಐದನೇ ಅಧ್ಯಾಯ. ದೆವ್ವಗಳು ಬಿಟ್ಟುಹೋದ ಮನುಷ್ಯ ಯೇಸುವಿನ ಜೊತೆಗೇ ಬರುತ್ತೇನೆ ಎಂದು ಬೇಡಿಕೊಂಡ. ಯೇಸು ಒಪ್ಪಲಿಲ್ಲ. ಮನೆಗೆ ಹೋಗಿ ನಿನ್ನವರಿಗೆ ಹೇಳು ಎಂದ. ಎಲ್ಲ ಬಿಟ್ಟು ಹಿಂದೆ ಬಂದವರ ಕಥೆಗಳನ್ನು ಬೇಕಾದಷ್ಟು ಕೇಳಿದ್ದೇವೆ, ಅಲ್ವಾ? ಬರುತ್ತೇನೆ ಎಂದವನನ್ನು ವಾಪಸ್ ಕಳಿಸಿದ್ದೂ ಯೇಸುವೇ.

ನಾನು ಕೊಟ್ಟ ಸಲಹೆ ಹೀಗಿತ್ತು. ಆರು ತಿಂಗಳು ಯಾವ ತೀರ್ಮಾನವೂ ಬೇಡ. ಬೆರಳಿಟ್ಟು ವಚನ ತೆಗೆಯುವುದನ್ನು ನಿಲ್ಲಿಸಿ, ಒಂದು ಸುವಾರ್ತೆಯನ್ನು ಮೊದಲಿಂದ ಕೊನೆವರೆಗೆ ಓದಿ. ಬೈಬಲ್ಲಿನ ನಾಯಕ ಗಿದ್ಯೋನ ಉಣ್ಣೆ ಇಟ್ಟು ದೇವರಿಂದ ಗುರುತು ಕೇಳಲಿಲ್ಲವಾ ಎಂದು ವಾದಿಸಿದರು. ಗಿದ್ಯೋನನಿಗೆ ಅಪ್ಪಣೆ ಆಗಲೇ ಸಿಕ್ಕಿತ್ತು, ಅವನಿಗೆ ಕೊರತೆಯಾಗಿದ್ದು ಧೈರ್ಯ ಎಂದೆ. ಇನ್ನೊಂದು, ಹೆಂಡತಿಗೆ ಇವತ್ತೇ ಹೇಳಿ. ಕೆಲಸ ಬಿಡುತ್ತೇನೆ ಅಂತಲ್ಲ, ಇಷ್ಟು ವರ್ಷ ಹೆದರಿದ್ದೆ ಅಂತ. ಅಂತಿಯೋಕ್ಯ ಪಟ್ಟಣದ ಸಭೆಯಲ್ಲಿ ಬಾರ್ನಬ, ಸೌಲರಿಗೆ (ಸೌಲ ಎಂದರೆ ಪೌಲನೇ) ಕರೆ ಬಂದಿದ್ದು ಎಲ್ಲರೂ ಕೂಡಿ ಉಪವಾಸ, ಆರಾಧನೆ ಮಾಡುತ್ತಿದ್ದಾಗ. ಹಾಗಾಗಿ ನಿಮ್ಮನ್ನು ಬಲ್ಲವರನ್ನು ಕೇಳಿ. 'ಚಿಕ್ಕ ಪಾಸ್ಟರ್' ಅಂದವರನ್ನು ಮಾತ್ರ ಬಿಟ್ಟು.

ಆರು ತಿಂಗಳು ಕಳೆದು ಗಂಡ ಹೆಂಡತಿ ಇಬ್ಬರೂ ಬಂದರು. ನಿದ್ದೆ ಬಹುಮಟ್ಟಿಗೆ ಸರಿಹೋಗಿದೆ. ಕೆಲಸ ಬಿಟ್ಟಿಲ್ಲ. ವಾರಕ್ಕೊಂದು ಸಂಜೆ, ಆಸ್ಪತ್ರೆಯವರ ಅನುಮತಿ ಪಡೆದು, ಐಸಿಯು ಹೊರಗಿನ ಬೆಂಚಿನಲ್ಲಿ ಕೂರುತ್ತಾರೆ. ರೋಗಿಗಳ ಆತ್ಮಿಕ ಆರೈಕೆಯ ತರಬೇತಿಗೆ ಅರ್ಜಿ ತಂದಿದ್ದಾರೆ, ಇನ್ನೂ ತುಂಬಿಲ್ಲ.

"ಮುಂದೆ ಪಾಸ್ಟರ್ ಆದರೂ ಆಗಬಹುದು" ಎಂದರು.

"ಆಗಲಿ, ಆದರೆ ಈ ಸಲ ನನ್ನನ್ನೂ ಕೇಳಬೇಕು" ಎಂದರು ಹೆಂಡತಿ.