ನಿಮ್ಮ ಪಟ್ಟಿಯಲ್ಲಿ ಚಾ ಎಲ್ಲಿ?

ಓದುಗರ ಪತ್ರ:

"ಸಂಪಾದಕರಿಗೆ ನಮಸ್ಕಾರ. ನಾನು ವಿಜಯಪುರದಾಂವ, ವಯಸ್ಸು 41. ಹನಿ ನೀರಾವರಿ ಪೈಪ್ ಮಾರೋ ಕೆಲಸ. ವಾರದಾಗ ಐದು ದಿನ ಬೈಕ್ ಮ್ಯಾಲೆ ತಿರುಗಾಟ: ಇಂಡಿ, ಸಿಂದಗಿ, ತಿಕೋಟಾ, ಜಮಖಂಡಿ, ಮುಧೋಳ. ಎತ್ತರ 168 ಸೆಂ.ಮೀ., ತೂಕ 84 ಕಿಲೋ. ಬಿಪಿ ಸ್ವಲ್ಪ ಏರೇತಿ, ಹತ್ತು ಕಿಲೋ ಇಳಸ್ರಿ ಅಂತ ಡಾಕ್ಟರ್ ಹೇಳ್ಯಾರ. ನನ್ನ ಊಟ ಬರದೇನಿ, ನೋಡ್ರಿ. ಮುಂಜಾನೆ ಮನ್ಯಾಗ ಒಂದು ಪ್ಲೇಟ್ ಉಪ್ಪಿಟ್ಟು. ಮಧ್ಯಾಹ್ನ ಎರಡೂವರಿ-ಮೂರಕ್ಕ ಖಾನಾವಳಿಯೊಳಗ ನಾಲ್ಕು ರೊಟ್ಟಿ, ಎಣ್ಣಿಗಾಯಿ, ಕಾಳಪಲ್ಯ, ಶೇಂಗಾ ಹಿಂಡಿ, ಮಸರು, ಕಡೀಕ ಅನ್ನ-ಸಾರು. ರಾತ್ರಿ ಮನ್ಯಾಗ ಎರಡು ಚಪಾತಿ. ಇಷ್ಟ. ಎರಡು ತಿಂಗಳ ಮಧ್ಯಾಹ್ನದ ಊಟಾನ ಬಿಟ್ಟು ನೋಡಿದೆ, ಒಂದು ಕಿಲೋನೂ ಇಳೀಲಿಲ್ಲ. ಸಂಜಿಗೆ ಭಜಿ ಬಂಡಿ ಕಂಡ್ರ ಕಾಲು ತಾವ ನಿಲ್ಲತಿದ್ದವು. ದಿನಾ ಆರೇಳು ಅಂಗಡಿ, ತೋಟ ಅಡ್ಡಾಡತೀನಿ, ಎಲ್ಲಾರೂ ಚಾ ಕುಡಸತಾರ, ಬ್ಯಾಡಂದ್ರ ಬ್ಯಾಸರ ಮಾಡ್ಕೋತಾರ. ಖಾನಾವಳಿ ಬಿಟ್ಟಬಿಡಬೇಕೇನ್ರಿ? ಮುಂದಿನ ತಿಂಗಳು ಮೀಟಿಂಗ್ ಸಲುವಾಗಿ ಬೆಳಗಾವಿಗೆ ಬರಾಂವ ಇದ್ದೀನಿ, ಕುಂದಾನೂ ಮುಟ್ಟಬಾರದೇನ್ರಿ? ಹೆಸರು ಹಾಕಬ್ಯಾಡ್ರಿ."

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸುಮ್ಮನೆ, ಎರಡನೆಯ ಸಲ ಕೆಂಪು ಪೆನ್ನು ಹಿಡಿದು. ಇದು ನಮ್ಮ ಕಸುಬಿನ ಚಟ. ಎರಡನೆಯ ಸಲ ಒಂದು ಕಡೆ ಪೆನ್ನು ನಿಂತಿತು. ನಿಮ್ಮ ಊಟದ ಪಟ್ಟಿ "ಇಷ್ಟ" ಅನ್ನುವಲ್ಲಿ ಮುಗಿಯುತ್ತದೆ. ಚಾ ಬರುವುದು ಅದಾದ ಮೇಲೆ, ಅದೂ ತಿನ್ನುವ-ಕುಡಿಯುವ ಲೆಕ್ಕದಲ್ಲಲ್ಲ, ಮಂದಿಯ ಬೇಸರದ ಲೆಕ್ಕದಲ್ಲಿ. ಭಜಿಯೂ ಹಾಗೆಯೇ, ಕಾಲಿನ ಮೇಲೆ ತಪ್ಪು ಹೊರಿಸಿ ದಾಟಿಸಿಬಿಟ್ಟಿದ್ದೀರಿ. ನಿಮ್ಮ ತೂಕ ಕೂತಿರುವುದು ಪಟ್ಟಿಗೆ ಬಾರದ ಈ ಸಾಲುಗಳಲ್ಲಿ ಎಂಬುದು ನನ್ನ ಗುಮಾನಿ. ಖಾನಾವಳಿಯ ಮೇಲೆ ನನಗೆ ಅಷ್ಟು ಸಂಶಯವಿಲ್ಲ.

ಮೊದಲು ಚಾ ಎಣಿಸೋಣ. ನಮ್ಮ ಕಡೆ ಕಪ್ಪು ಸಣ್ಣದು, ಸಕ್ಕರೆ ದೊಡ್ಡದು. ಕಪ್ಪಿಗೆ ಒಂದೂವರೆ ಚಮಚ ಅಂತ ಹಿಡಿಯಿರಿ, ಅಂದರೆ ಏಳೂವರೆ ಗ್ರಾಂ. ಏಳು ಕಪ್ಪಿಗೆ 50 ಗ್ರಾಂ ದಾಟಿತು. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರು ಮೇಲಿಂದ ಬೆರೆಸಿದ ಸಕ್ಕರೆಯನ್ನು 50 ಗ್ರಾಂ ಒಳಗೆ ಇಡಬೇಕು, 25ರ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನೀವು ಒಂದು ತುಂಡು ಸಿಹಿ ತಿನ್ನದೆಯೇ ಆ ಗೆರೆ ದಾಟಿದಿರಿ. ಬರೀ ಸಕ್ಕರೆಯದೇ ಇನ್ನೂರು ಕ್ಯಾಲೊರಿ, ಹಾಲು ಬೇರೆ. ಮುಧೋಳದ ಕಡೆ ಯಾರಾದರೂ "ಇದು ಬೆಲ್ಲದ ಚಾ ರೀ, ಏನಾಗಂಗಿಲ್ಲ" ಅಂದರೆ ನಂಬಬೇಡಿ. ಮಹಾಲಿಂಗಪುರದ ಬೆಲ್ಲದ ರುಚಿಗೆ ನಾನೂ ಸೋತವನೇ, ಆದರೆ ಕ್ಯಾಲೊರಿಯಲ್ಲಿ ಬೆಲ್ಲಕ್ಕೂ ಸಕ್ಕರೆಗೂ ಹೇಳಿಕೊಳ್ಳುವಂಥ ಅಂತರವಿಲ್ಲ.

ಸಕ್ಕರೆ ಕಡಿಮೆ ಹಾಕಿ ಅಂತ ಹೇಳುವುದು ನಿಮ್ಮ ದಂಧೆಯಲ್ಲಿ ನಡೆಯದ ಮಾತು. ಹುಡುಗ ಕಿಟ್ಲಿಯೊಳಗೆ ಸಕ್ಕರೆ ಕುದಿಸಿಕೊಂಡೇ ಅಂಗಡಿಗೆ ಬರುತ್ತಾನೆ. ಹಾಗಾಗಿ ಇಳಿಸಬೇಕಾದ್ದು ಕಪ್ಪಿನ ಸಂಖ್ಯೆ. ಯಾವ ಮೂರು ಕಪ್ಪು ಎಂಬುದನ್ನು ಮುಂಜಾನೆ ಮನೆ ಬಿಡುವಾಗಲೇ ಗೊತ್ತು ಮಾಡಿಕೊಳ್ಳಿ: ದೊಡ್ಡ ಆರ್ಡರ್ ಕೊಡುವ ಡೀಲರ್ ಹತ್ತಿರ ಒಂದು, ಹಿರಿಯರಿದ್ದಲ್ಲಿ ಒಂದು, ನಿಮ್ಮ ಖುಷಿಗೆ ಒಂದು. ಉಳಿದ ಕಡೆ ಕೂತ ಕೂಡಲೆ, ಅವರು ಹುಡುಗನನ್ನು ಕೂಗುವುದಕ್ಕೆ ಮೊದಲೇ, "ಅಣ್ಣಾರ, ಮೊದಲು ತಣ್ಣೀರು ಕೊಡ್ರಿ, ಬಿಸಲಾಗ ಬಂದೇನಿ" ಅನ್ನಿ. ನೀರು ಕೇಳಿದವನನ್ನು ನಮ್ಮ ಜನ ಎಂದೂ ತಪ್ಪು ತಿಳಿಯುವುದಿಲ್ಲ. ಮಜ್ಜಿಗೆ ತರಿಸಿದರಂತೂ ನಿಮ್ಮ ಭಾಗ್ಯ.

ತೋಟದ ಮಾತು ಬಂತಲ್ಲ, ಅಲ್ಲಿ ಇನ್ನೊಂದಿದೆ. ತಿಕೋಟಾದ ಕಡೆ ದ್ರಾಕ್ಷಿ ಬೆಳೆಯುವವರು ಬಂದವರ ಕೈಗೆ ಒಣದ್ರಾಕ್ಷಿ ಸುರಿಯದೆ ಕಳಿಸುವುದಿಲ್ಲ. ಬೈಕ್ ಮೇಲೆ ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತ ಬಂದರೆ ಊರು ಬರುವುದರೊಳಗೆ ಮುಷ್ಟಿ ಖಾಲಿ. ಹಸಿ ದ್ರಾಕ್ಷಿ 100 ಗ್ರಾಂಗೆ 70 ಕ್ಯಾಲೊರಿಯ ಆಸುಪಾಸು, ಒಣಗಿದ್ದಕ್ಕೆ 300ರ ಆಸುಪಾಸು. ನೀರು ಹೋಯಿತು, ಸಕ್ಕರೆ ಉಳಿಯಿತು, ಅಷ್ಟೇ. ಕಟ್ಟಿಸಿಕೊಂಡು ಮನೆಗೆ ಒಯ್ಯಿರಿ, ಮಕ್ಕಳು ತಿನ್ನಲಿ.

ಈಗ ಖಾನಾವಳಿಗೆ ಹೋಗೋಣ.

ನಾನು ಖಾನಾವಳಿಯ ಪಕ್ಷದವನು, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ನನಗೂ ಹೊಟ್ಟೆ ಬಂದಾಗ ಹೆದ್ದಾರಿಯ ಪಕ್ಕದ ಗಾಜಿನ ಬಾಗಿಲಿನ ಹೋಟೆಲೊಂದರಲ್ಲಿ ಸಲಾಡ್ ತರಿಸಿದ್ದೆ. ಬಂದದ್ದು ಕೋಸಂಬರಿಯಷ್ಟು ತರಕಾರಿ, ಅದರ ಮೇಲೆ ಬಿಳಿ ಕೆನೆಯಂಥದ್ದು ಸುರಿದಿತ್ತು. ಅದು ಮಯೋನೇಸ್, ಅಂದರೆ ಬಹುಪಾಲು ಎಣ್ಣೆಯೇ. ಮುನ್ನೂರು ರೂಪಾಯಿ ಕೊಟ್ಟು ಹಸಿದೇ ಎದ್ದೆ, ಮುಂದಿನ ಊರಲ್ಲಿ ಗಿರ್ಮಿಟ್ ತಿಂದೆ. ಖಾನಾವಳಿಯಲ್ಲಿ ನೀವು ಕೂತ ಕೂಡಲೆ ಕೇಳದೆಯೇ ಏನು ಬರುತ್ತದೆ ನೆನಪಿಸಿಕೊಳ್ಳಿ. ಹೆಚ್ಚಿದ ಉಳ್ಳಾಗಡ್ಡಿ, ಸವತಿಕಾಯಿ, ಒಮ್ಮೊಮ್ಮೆ ಮೂಲಂಗಿ, ಹಸಿ ಮೆಂತ್ಯಪಲ್ಯದ ನಾಲ್ಕು ಎಸಳು, ಇಂಡಿಯ ನಿಂಬೆಯ ಹೋಳು. ಅದಕ್ಕೆ ಬೇರೆ ಬಿಲ್ಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ತಟ್ಟೆಯ ಅರ್ಧ ತರಕಾರಿ, ಹಣ್ಣು ಇರಲಿ ಅನ್ನುತ್ತದೆ. ನಾವು ಆ ಉಳ್ಳಾಗಡ್ಡಿ ಪ್ಲೇಟನ್ನು ಬದಿಗೆ ಸರಿಸಿ ರೊಟ್ಟಿಯ ದಾರಿ ಕಾಯುತ್ತೇವೆ. ರೊಟ್ಟಿ ಬರುವುದರೊಳಗೆ ಅದನ್ನು ಖಾಲಿ ಮಾಡಿ, ಮತ್ತೊಂದು ಕೇಳಿ. ಕಾಳಪಲ್ಯವನ್ನೂ ಎರಡನೇ ಸಲ ಹಾಕಿಸಿಕೊಳ್ಳಿ. ಮಡಕಿಕಾಳಾಗಲಿ ಹೆಸರುಕಾಳಾಗಲಿ ಹೊಟ್ಟೆ ತುಂಬಿಸುತ್ತದೆ, ಸಂಜೆಯ ತನಕ ತಡೆಯುತ್ತದೆ.

ರೊಟ್ಟಿಯ ಬಗ್ಗೆ ಒಂದು ಭ್ರಮೆ ಕಳೆಯಬೇಕು. ಜೋಳದ ರೊಟ್ಟಿ ತಿಂದರೆ ತೂಕ ಇಳಿಯುತ್ತದೆ ಅಂತ ಈಗ ಬೆಂಗಳೂರಿನವರೂ ಹೇಳತೊಡಗಿದ್ದಾರೆ. ಕೇಳಿ ಹೆಮ್ಮೆಯಾಗುತ್ತದೆ, ಆದರೆ ಕ್ಯಾಲೊರಿಯ ವಿಷಯಕ್ಕೆ ಬಂದರೆ ಜೋಳ, ಗೋಧಿ, ಅಕ್ಕಿ ಮೂರೂ ಅಕ್ಕತಂಗಿಯರೇ. ಐವತ್ತು ಗ್ರಾಂ ಹಿಟ್ಟಿನ ಒಂದು ರೊಟ್ಟಿಗೆ ಸುಮಾರು 170 ಕ್ಯಾಲೊರಿ. ಜೋಳದ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಬಡಿಯುವಾಗ ಎಣ್ಣೆ ಬೇಡ. ನಾರು ನೂರು ಗ್ರಾಂಗೆ ಹತ್ತು ಗ್ರಾಂನಷ್ಟು, ಬಿಳಿ ಅಕ್ಕಿಯಲ್ಲಿ ಅದು ಮೂರನ್ನೂ ಮುಟ್ಟುವುದಿಲ್ಲ. ಮತ್ತೆ ಅಗಿಯಬೇಕು, ಅದರಲ್ಲೂ ಕಡಕ್ ರೊಟ್ಟಿಯನ್ನು. ಹೊಟ್ಟೆ ತುಂಬಿದ್ದು ತಲೆಗೆ ತಿಳಿಯಲು ಇಪ್ಪತ್ತು ನಿಮಿಷದಷ್ಟಾದರೂ ಬೇಕು ಅನ್ನುತ್ತಾರೆ. ಕಡಕ್ ರೊಟ್ಟಿಯವನು ಆ ಹೊತ್ತಿಗೆ ಎರಡನೆಯದರಲ್ಲಿರುತ್ತಾನೆ, ಅನ್ನದವನು ಅಷ್ಟರಲ್ಲಿ ಕೈ ತೊಳೆದಿರುತ್ತಾನೆ.

ಹಾಗಾಗಿ ನಾಲ್ಕು ರೊಟ್ಟಿ ಇರಲಿ, ಕೊನೆಯ ಅನ್ನ ಬಿಡಿ. ಆ ಅನ್ನವನ್ನು ನೀವು ಹಸಿವಿಗೆ ಉಣ್ಣುತ್ತಿಲ್ಲ. ಅನ್ನ ಬಾರದೆ ಊಟ ಮುಗಿದಂತೆ ಅನಿಸುವುದಿಲ್ಲ ಅಂತ ಉಣ್ಣುತ್ತಿದ್ದೀರಿ. ಅದರ ಬದಲು ಮಜ್ಜಿಗೆ ಕುಡಿದು ಏಳಿ. ಅನ್ನ ಬೇಕೇ ಬೇಕು ಅನ್ನುವ ದಿನ ರೊಟ್ಟಿ ಎರಡಕ್ಕೆ ನಿಲ್ಲಿಸಿ. ಇದನ್ನು ಬಡಿಸುವವರಿಗೆ ಕೂರುವಾಗಲೇ ಹೇಳಬೇಕು. ನಡುವೆ ಹೇಳಿದರೆ ಕೆಲಸಕ್ಕೆ ಬಾರದು. ನಾನು ಹೋಗುವ ಖಾನಾವಳಿಯ ಅಕ್ಕಾರು ಎಡಗೈ ಮೇಲೆ ಹತ್ತು ರೊಟ್ಟಿ ಒಟ್ಟಿಕೊಂಡು ಬರುತ್ತಾರೆ. ನಾನು "ಸಾಕ್ರಿ ಅಕ್ಕಾರ" ಅನ್ನುವುದರೊಳಗೆ ಒಂದು ತಟ್ಟೆಗೆ ಬಿದ್ದು, "ಇಷ್ಟ ಉಂಡ್ರ ಹೆಂಗ್ರಿ, ಆರಾಮ ಇಲ್ಲೇನು?" ಅನ್ನುವ ಪ್ರಶ್ನೆಯೂ ಬಂದಿರುತ್ತದೆ. ಆ ಪ್ರೀತಿಯ ಎದುರು ಗಟ್ಟಿ ಮನಸ್ಸು ಕೆಲಸ ಮಾಡುವುದಿಲ್ಲ, ಮೊದಲೇ ಹೇಳಿಟ್ಟ ಸಂಖ್ಯೆಯಾದರೆ ಮಾಡುತ್ತದೆ.

ನಿಜವಾದ ಕಳ್ಳ ಎಣ್ಣೆಗಾಯಿ. ಹೆಸರಲ್ಲೇ ತಪ್ಪೊಪ್ಪಿಕೊಂಡಿದೆ, ಆದರೂ ನಾವು ಅದನ್ನು ಬದನೆಕಾಯಿ ಅಂತ ಎಣಿಸುತ್ತೇವೆ. ಒಂದು ದಿನ ಖಾನಾವಳಿಯಲ್ಲಿ ಸುಮ್ಮನೆ ಪರೀಕ್ಷೆ ಮಾಡಿದೆ. ಕಡಕ್ ರೊಟ್ಟಿಯ ಎರಡು ತುಂಡು ಒಂದರ ಮೇಲೊಂದಿಟ್ಟು ತಟ್ಟೆಯ ಒಂದು ಅಂಚಿನ ಕೆಳಗೆ ಸೇರಿಸಿದೆ, ಎಣ್ಣೆಗಾಯಿಯನ್ನು ಎತ್ತರದ ಬದಿಗೆ ಸರಿಸಿದೆ. ಉಳ್ಳಾಗಡ್ಡಿ ಮುಗಿಸುವುದರೊಳಗೆ ತಗ್ಗಿನ ಅಂಚಿನಲ್ಲಿ ಕೆಂಪಗೆ ಎಣ್ಣೆ ನಿಂತಿತ್ತು, ಫ್ಯಾನಿನ ನೆರಳು ಕಾಣುವಷ್ಟು. ಚಮಚದಿಂದ ತೆಗೆದು ಖಾಲಿ ವಾಟಿಗೆ ಹಾಕಿದೆ. ದೊಡ್ಡ ಚಮಚದಲ್ಲಿ ಎರಡು. ಒಂದು ದೊಡ್ಡ ಚಮಚ ಎಣ್ಣೆಗೆ 120 ಕ್ಯಾಲೊರಿ, ಎರಡಕ್ಕೆ 240. ಒಂದೂವರೆ ರೊಟ್ಟಿಯ ಬಾಬತ್ತು ವಾಟಿಯಲ್ಲಿ ಕೂತಿತ್ತು. ಬದನೆಕಾಯಿಯ ರುಚಿಯಲ್ಲಿ ಏನೂ ಕಡಿಮೆಯಾಗಲಿಲ್ಲ, ಖಾರವೂ ಮಸಾಲೆಯೂ ಒಳಗೇ ಇದ್ದವು. ಅಂದಿನಿಂದ ಇದೇ ನನ್ನ ರೂಢಿ. ಮಾಂಸದೂಟದವರಾದರೆ ಸಾವಜಿ ರಸದ ಮೇಲೆ ತೇಲುವುದಕ್ಕೂ ಇದೇ ಉಪಾಯ.

ಶೇಂಗಾ ಹಿಂಡಿ ಪಲ್ಯವಲ್ಲ, ಚಟ್ನಿ ಅಂತ ನೆನಪಿಡಿ. ಶೇಂಗಾದ ತೂಕದಲ್ಲಿ ಐದರಲ್ಲಿ ಎರಡು ಪಾಲು ಎಣ್ಣೆಯೇ, ನಾವು ಅದರ ಮೇಲೆ ಮತ್ತೆ ಎಣ್ಣೆ ಹೊಯ್ದುಕೊಳ್ಳುತ್ತೇವೆ. ಒಂದು ಚಮಚ ಸಾಕು, ಮೊಸರಿನಲ್ಲಿ ಕಲಸಿಕೊಳ್ಳಿ. ನಿಮಗೆ ಬಿಪಿ ಇರುವುದರಿಂದ ಹಿಂಡಿ, ಉಪ್ಪಿನಕಾಯಿ, ಹಪ್ಪಳ ಮೂರರ ಉಪ್ಪೂ ನೆನಪಿರಲಿ. ದಿನಕ್ಕೆ ಎಲ್ಲಾ ಸೇರಿ ಐದು ಗ್ರಾಂ ಮಿತಿ, ಅಂದರೆ ಸಣ್ಣದೊಂದು ಚಮಚ.

ಕ್ಯಾಲೊರಿ ಬರೆದ ಮೆನು ಸಿಗುವುದಿಲ್ಲವೇ ಅಂತ ನೀವು ಕೇಳಬಹುದು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ ಕೇಂದ್ರದ ಲೈಸೆನ್ಸ್ ಇರುವ ಅಥವಾ ಹತ್ತು ಕಡೆಗಿಂತ ಕಡಿಮೆಯಿಲ್ಲದಂತೆ ಶಾಖೆ ಇರುವ ಹೋಟೆಲಿನವರು ಬರೆಯಬೇಕು. ಪಿಜ್ಜಾ ಅಂಗಡಿಯಲ್ಲಿ ಕಾಣುತ್ತದೆ. ನಮ್ಮ ಖಾನಾವಳಿಗೆ ಗೋಡೆಯ ಕರಿ ಹಲಗೆಯೇ ಮೆನು, ಅದರಲ್ಲಿ ಹೋಳಿಗೆ ಇದೆಯೋ ಇಲ್ಲವೋ ಅಷ್ಟೇ ಗೊತ್ತಾಗುತ್ತದೆ. ಕಣ್ಣಳತೆಯೇ ಗತಿ.

ಊಟ ಬಿಟ್ಟರೂ ಯಾಕೆ ಇಳಿಯಲಿಲ್ಲ ಎಂಬುದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಮಧ್ಯಾಹ್ನ ಉಳಿಸಿದ್ದನ್ನು ಸಂಜೆ ಭಜಿ ಬಂಡಿಯವನಿಗೆ ಬಡ್ಡಿ ಸಮೇತ ಕೊಟ್ಟಿರಿ. ದಪ್ಪ ಮಿರ್ಚಿ ಭಜಿ ಒಂದಕ್ಕೆ ಹಿಟ್ಟು, ಎಣ್ಣೆ ಸೇರಿ ನೂರು ಕ್ಯಾಲೊರಿಯ ಆಚೀಚೆ. ನಾಲ್ಕು ತಿಂದರೆ ನಾನೂರು, ಮೇಲೊಂದು ಚಾ. ಆ ಬಾಣಲೆಯ ಎಣ್ಣೆ ಎಷ್ಟನೇ ಸಲ ಕಾಯುತ್ತಿದೆ ಎಂಬ ಪ್ರಶ್ನೆ ಬೇರೆ. ಕಪ್ಪಾಗಿ, ಹೊಗೆಯಾಡಿ, ಮೇಲೆ ನೊರೆ ಬರುತ್ತಿದ್ದರೆ ನಿಲ್ಲಬೇಡಿ. ಸಂಜೆಗೆ ಏನಾದರೂ ಬೇಕೆಂದರೆ ಗಿರ್ಮಿಟ್ ತಿನ್ನಿ, ಚುರುಮುರಿ ಹಗುರ. ಪಕ್ಕಕ್ಕೆ ಭಜಿ ಇಡಬೇಡ ಅಂತ ಅವನು ಇಡುವ ಮೊದಲೇ ಹೇಳಿ. ಮತ್ತೆ ಮಧ್ಯಾಹ್ನದ ಊಟ ಮೂರು ಗಂಟೆಗೆ ಹೋಗದಿರಲಿ. ಒಂದೂವರೆಗೆ ಉಂಡವನಿಗೂ ಮೂರಕ್ಕೆ ಉಂಡವನಿಗೂ ರೊಟ್ಟಿಯ ಲೆಕ್ಕ ಒಂದೇ ಇರುವುದಿಲ್ಲ. ಸಕ್ಕರೆ ಕಾಯಿಲೆಯ ಗುಳಿಗೆ ಏನಾದರೂ ನಡೆದಿದ್ದರೆ ಊಟ ತಪ್ಪಿಸುವುದು ಅಪಾಯ, ಡಾಕ್ಟರನ್ನು ಕೇಳದೆ ಆ ಪ್ರಯೋಗ ಬೇಡ.

ರಾತ್ರಿ ಡೀಲರುಗಳ ಜೊತೆ ಢಾಬಾಕ್ಕೆ ಹೋಗುತ್ತೀರಾ, ಅಲ್ಲಿ ಗ್ಲಾಸು ಹಿಡಿಯುತ್ತೀರಾ, ನೀವು ಬರೆದಿಲ್ಲ, ನಾನು ಕೇಳುವುದೂ ಇಲ್ಲ. ಒಂದು ಗ್ರಾಂ ಆಲ್ಕೋಹಾಲಿಗೆ ಏಳು ಕ್ಯಾಲೊರಿ, ಜೊತೆಗಿನ ಖಾರಾ ಶೇಂಗಾಕ್ಕೆ ಬೇರೆ ಖಾತೆ ಅಂತ ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಹತ್ತು ಕಿಲೋ ಅಂದರೆ ಗಾಬರಿಯಾಗುತ್ತದೆ. ನಿಮ್ಮ ಎತ್ತರ-ತೂಕಕ್ಕೆ ಬಿಎಂಐ 29.8 ಬರುತ್ತದೆ, ನಮ್ಮ ದೇಶದವರಿಗೆ 25ಕ್ಕೇ ಬೊಜ್ಜು ಅಂತ ಹಿಡಿಯುತ್ತಾರೆ, ಹಾಗಾಗಿ ಡಾಕ್ಟರ್ ಹೇಳಿದ್ದು ಸರಿ. ಆದರೆ ತೂಕದ ನೂರಕ್ಕೆ ಐದು ಪಾಲು ಇಳಿದರೂ ಬಿಪಿ, ಸಕ್ಕರೆ ಎರಡಕ್ಕೂ ಗುಣ ಕಾಣತೊಡಗುತ್ತದೆ. ನಿಮಗೆ ಅದು ನಾಲ್ಕು ಕಿಲೋ ಚಿಲ್ಲರೆ. ನಾಲ್ಕು ಕಪ್ಪು ಚಾ, ಎಣ್ಣೆಗಾಯಿಯ ಎಣ್ಣೆ, ಕೊನೆಯ ಅನ್ನ ಇಷ್ಟು ತೆಗೆದರೆ ದಿನಕ್ಕೆ 500 ಕ್ಯಾಲೊರಿಯಷ್ಟು ಹೋಯಿತು, ಭಜಿಯನ್ನು ಇನ್ನೂ ಹಿಡಿದೇ ಇಲ್ಲ. ಆ ಲೆಕ್ಕಕ್ಕೆ ಮೊದಮೊದಲು ವಾರಕ್ಕೆ ಅರ್ಧ ಕಿಲೋದ ಹತ್ತಿರ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ. ತಕ್ಕಡಿ ಹತ್ತುವುದು ವಾರಕ್ಕೊಮ್ಮೆ ಸಾಕು. ದರ್ಜಿಯ ಟೇಪು ತಂದು ಸೊಂಟವನ್ನೂ ಅಳೆಯಿರಿ. ಗಂಡಸರಿಗೆ 90 ಸೆಂ.ಮೀ. ಗೆರೆ.

ಕುಂದಾದ ಮಾತು. ಬೆಳಗಾವಿಗೆ ಬಂದು ಕುಂದಾ ಮುಟ್ಟದೆ ಹೋಗಿ ಅಂತ ಈ ಊರಿನಲ್ಲಿ ಕೂತು ಬರೆದರೆ ನನ್ನನ್ನು ಯಾರೂ ಮನೆಗೆ ಕರೆಯುವುದಿಲ್ಲ. ಹಾಲು, ಸಕ್ಕರೆ ಎರಡನ್ನೂ ಕಂದು ಬಣ್ಣಕ್ಕೆ ಬರುವ ತನಕ ಕಾಸಿ ಕಾಸಿ ಇಳಿಸಿದ್ದು ಅದು, ಆದ್ದರಿಂದ ಅಂಗಡಿಯ ಮುಂದೆ ನಿಂತು ಎಲೆಯ ಮೇಲೆ ಎರಡು ಚಮಚ ತಿನ್ನಿ. ಮನೆಗೆ ಒಯ್ಯುವ ಡಬ್ಬಿ ಕಾಲು ಕಿಲೋದ್ದೇ ಇರಲಿ, ಅದನ್ನು ಬ್ಯಾಗಿನ ತಳಕ್ಕೆ ಹಾಕಿ, ಮೇಲೆ ಬಟ್ಟೆ ತುಂಬಿ, ಬ್ಯಾಗನ್ನು ಬಸ್ಸಿನ ಡಿಕ್ಕಿಗೆ ಕೊಡಿ. ವಿಜಯಪುರದ ತನಕ ಇನ್ನೂರು ಕಿಲೋಮೀಟರ್ ದಾರಿ ಇದೆ. ಡಬ್ಬಿ ಮಡಿಲಲ್ಲಿದ್ದರೆ ಲೋಕಾಪುರ ದಾಟುವುದಿಲ್ಲ.